ವೈಕಿಕಿಯ ಮರಳಿನಡಿ ಕೆಸುವಿನ ಗದ್ದೆ

ಹವಾಯಿ ದ್ವೀಪಗಳ ಹೊನೊಲುಲು ನಗರದ ವೈಕಿಕಿ ಬೀಚಿನ ಮರಳಿನಲ್ಲಿ ದೊಡ್ಡ ಪಾಲು ಹೊರಗಿನಿಂದ ತಂದು ಸುರಿದದ್ದು. ಹೋಟೆಲುಗಳನ್ನು ಕಾಪಾಡಲು ಕಟ್ಟಿದ ತಡೆಗೋಡೆಗಳಿಂದ ಕಡಲ ಕೊರೆತ ಜಾಸ್ತಿಯಾಯಿತು. ಆಮೇಲೆ ಮರಳು ತಂದು ತುಂಬುವ ಕೆಲಸ ಶುರುವಾಯಿತು, ಇನ್ನೂ ಮುಗಿದಿಲ್ಲ. 2012ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ, ದೂರದ ಕಡಲ ತಳದಿಂದ ಮರಳೆತ್ತಿ ದಡಕ್ಕೆ ಹಾಕಿದರು.

ಇದನ್ನು ಹೇಳಿದ್ದು ಹೊನೊಲುಲುವಿನಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳು. "ಅತ್ತೆ, ಬೀಚ್ ನೋಡಿದ್ದಾಯ್ತಲ್ಲ, ನಾಳೆ ಕೆಸರಿಗೆ ಇಳಿಯೋಣ ಬನ್ನಿ" ಎಂದಳು. ಶನಿವಾರ ಬೆಳಗ್ಗೆ ಅವಳ ಜೊತೆ ಮಾನೋವಾ ಕಣಿವೆಯ ಕಾನೇವಾಯ್‌ಗೆ ಹೊರಟೆ. ವಿಶ್ವವಿದ್ಯಾಲಯದ ಪಕ್ಕದಲ್ಲೇ, ಹೊಳೆಯ ದಡದಲ್ಲಿ, ನೀರು ನಿಂತ ಗದ್ದೆಗಳು. ಗದ್ದೆ ತುಂಬ ಕೆಸು!

ಅವರದನ್ನು ಕಲೋ ಅನ್ನುತ್ತಾರೆ. ನಾವು ಪತ್ರೊಡೆಗೆ ಕೊಯ್ಯುವ ಕೆಸುವಿನ ಜಾತಿಯೇ. ನಮ್ಮ ಕಡೆ ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಬೆಳೆಯುತ್ತದೆ. ಇಲ್ಲಿ ಅದು ಮನೆತನದ ಹಿರಿಯ. ಅವರ ಪುರಾಣದ ಪ್ರಕಾರ ಮೊದಲ ಮಗು ಉಸಿರಿಲ್ಲದೆ ಹುಟ್ಟಿತಂತೆ, ಹೂತ ಜಾಗದಲ್ಲಿ ಕೆಸು ಚಿಗುರಿತಂತೆ. ಆಮೇಲೆ ಹುಟ್ಟಿದ ಹಾಲೋವಾನಿಂದ ಜನ ಬೆಳೆದರು. ಹಾಗಾಗಿ ಕೆಸು ಅಣ್ಣ, ಮನುಷ್ಯ ತಮ್ಮ. ಗದ್ದೆಗೆ ಇಳಿಯುವ ಮೊದಲು ಎಲ್ಲರೂ ಸಾಲಾಗಿ ನಿಂತು ಹಾಡಿದರು.

ಮೊಣಕಾಲವರೆಗೂ ಕೆಸರು. ಕಳೆ ಕಿತ್ತು, ಅದನ್ನೇ ಮಡಚಿ ಬುಡಕ್ಕೆ ತುಳಿಯುವ ಕೆಲಸ ನನ್ನ ಪಾಲಿಗೆ ಬಂತು. ಪಕ್ಕದಲ್ಲಿದ್ದ ಹವಾಯಿಯ ಹಿರಿಯಾಕೆಯನ್ನು ಎಲ್ಲರೂ ಆಂಟಿ ಎಂದೇ ಕರೆಯುತ್ತಿದ್ದರು. ಹೊಳೆಯಿಂದ ಕಾಲುವೆಯಲ್ಲಿ ಬಂದ ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿದು, ಕೊನೆಗೆ ಮತ್ತೆ ಹೊಳೆಗೇ ಸೇರುವುದನ್ನು ಅವರು ತೋರಿಸಿದರು. 1980ರಲ್ಲಿ ವಿದ್ಯಾರ್ಥಿಗಳು ಇಲ್ಲಿ ಮುಚ್ಚಿಹೋಗಿದ್ದ ಹಳೆಯ ಕಾಲುವೆಯನ್ನು ಬಿಡಿಸಿ ಮತ್ತೆ ನೀರು ಹರಿಸಿದ್ದಂತೆ.

"ಕೆಳಗೆ ವೈಕಿಕಿಯಲ್ಲೂ ಹೀಗೇ ಇತ್ತು" ಎಂದರು ಆಂಟಿ.

ಮಾನೋವಾ, ಪಾಲೋಲೊ, ಮಕಿಕಿ ಕಣಿವೆಗಳ ಹೊಳೆಗಳು ಹರಡಿಕೊಂಡು ಕಡಲು ಸೇರುತ್ತಿದ್ದ ಜೌಗು ನೆಲ ಅದು. ಕೆಸುವಿನ ಗದ್ದೆ, ಅದರ ಕೆಳಗೆ ಮೀನಿನ ಕೆರೆಗಳು. ನಾನು ಕುಮಟಾ ಕಡೆಯವಳು. ಅಘನಾಶಿನಿ ಹೊಳೆ ಕಡಲು ಸೇರುವಲ್ಲಿನ ಗಜನಿ ಗದ್ದೆಗಳಲ್ಲಿ ಒಂದು ಕಾಲಕ್ಕೆ ಕಗ್ಗ ಭತ್ತ, ಇನ್ನೊಂದು ಕಾಲಕ್ಕೆ ಮೀನು, ಸಿಗಡಿ. ಉಪ್ಪುನೀರು, ಸಿಹಿನೀರು ಎರಡನ್ನೂ ಪಳಗಿಸಿದ ಜನ ಇಲ್ಲೂ ಇದ್ದರಲ್ಲ ಎಂದು ಎದೆ ತುಂಬಿ ಬಂತು.

ವೈಕಿಕಿಯ ಆ ಗದ್ದೆ, ಕೆರೆಗಳು ಒಂದೇ ಏಟಿಗೆ ಹೋಗಲಿಲ್ಲ, ಆಂಟಿ ಹೇಳುತ್ತ ಹೋದರು. 1778ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗು ಬಂದ ಮೇಲೆ ಹೊಸ ಹೊಸ ರೋಗಗಳು ಬಂದವು. ಜನ ಸತ್ತರು, ಗದ್ದೆಗಳು ಪಾಳು ಬಿದ್ದವು. 1848ರ ಭೂಹಂಚಿಕೆಯಿಂದ ನೆಲ ಖಾಸಗಿ ಆಸ್ತಿಯಾಯಿತು, 1850ರಿಂದ ಹೊರಗಿನವರೂ ಕೊಳ್ಳಬಹುದಾಯಿತು. 1893ರಲ್ಲಿ ಸಕ್ಕರೆ ವ್ಯಾಪಾರದ ಕುಳಗಳು, ಅಮೆರಿಕದ ನೌಕಾಸೈನಿಕರು ದಡಕ್ಕಿಳಿದಿದ್ದ ಧೈರ್ಯದಲ್ಲಿ, ಹವಾಯಿಯ ರಾಣಿ ಲಿಲಿಯುಓಕಲಾನಿಯನ್ನು ಕೆಳಗಿಳಿಸಿದರು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. 1901ಕ್ಕೆ ವೈಕಿಕಿ ದಡದಲ್ಲಿ ಮೋವಾನಾ ಹೋಟೆಲ್ ತೆರೆಯಿತು. ಮೀನಿನ ಕೆರೆಗಳಿದ್ದ ಕಾಲಿಯಾ ಭಾಗವನ್ನು ಸೇನೆ ಕೊಂಡು ಮಣ್ಣು ತುಂಬಿತು.

ಆಗಲೂ ಉಳಿದ ಜೌಗಿನಲ್ಲಿ ಚೀನೀ ರೈತರು ಭತ್ತ ಬೆಳೆಯುತ್ತಿದ್ದರು, ಬಾತುಕೋಳಿ ಸಾಕುತ್ತಿದ್ದರು. ಅದಕ್ಕೂ ಕುತ್ತು ಬಂತು. 1906ರಲ್ಲಿ ಆರೋಗ್ಯ ಮಂಡಳಿಯ ಅಧ್ಯಕ್ಷ ಲೂಷಿಯಸ್ ಪಿಂಕಮ್, ಈ ನೆಲ ಆರೋಗ್ಯಕ್ಕೆ ಕೇಡು, ಒಣಗಿಸಿ ತುಂಬಬೇಕು ಎಂದು ವರದಿ ಕೊಟ್ಟ. ಸೊಳ್ಳೆಯ ಕಾರಣವೂ ಮುಂದೆ ಬಂತು. ಆಂಟಿಯ ಧ್ವನಿ ಗಡುಸಾದದ್ದು ಇಲ್ಲಿ. ಹವಾಯಿಯಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 1820ರ ದಶಕದಲ್ಲಿ ಹೊರಗಿನವರ ಹಡಗಿನ ನೀರಿನ ಪೀಪಾಯಿಗಳಲ್ಲಿ ಬಂದದ್ದು. ತಂದವರೇ ಗದ್ದೆಯ ಮೇಲೆ ತಪ್ಪು ಹೊರಿಸುವುದು ಎಂಥ ಅನ್ಯಾಯ, ಅಲ್ವಾ?

1921ರಿಂದ 1928ರವರೆಗೆ ಆಲಾ ವಾಯ್ ಕಾಲುವೆ ತೋಡಿದರು. ಗುತ್ತಿಗೆ ವಾಲ್ಟರ್ ಡಿಲ್ಲಿಂಗಮ್‌ನ ಕಂಪನಿಯದು. ಮೂರೂ ಹೊಳೆಗಳನ್ನು ಅದರೊಳಕ್ಕೆ ತಿರುಗಿಸಿದರು. ತೋಡುವಾಗ ಸಿಕ್ಕ ಹವಳದ ಪುಡಿ, ಮಣ್ಣನ್ನು ಗದ್ದೆಗಳ ಮೇಲೆ ಹರಡಿದರು. ನೀರಿಲ್ಲದ ರೈತ ಏನು ಮಾಡಿಯಾನು? ಗದ್ದೆಗಳು ಸೈಟುಗಳಾದವು. ಕಾಲುವೆ ಮುಗಿಯುವ ಮೊದಲೇ, 1927ರಲ್ಲಿ, ಗುಲಾಬಿ ಬಣ್ಣದ ರಾಯಲ್ ಹವಾಯಿಯನ್ ಹೋಟೆಲ್ ಎದ್ದಿತು. 1959ರಲ್ಲಿ ಹವಾಯಿ ಅಮೆರಿಕದ ಒಂದು ರಾಜ್ಯವಾಯಿತು, ಜೆಟ್ ವಿಮಾನಗಳೂ ಬಂದವು. ಆಮೇಲಿನದು ಪೋಸ್ಟ್‌ಕಾರ್ಡಿನಲ್ಲಿ ಕಾಣುವ ವೈಕಿಕಿ. ನಾನೂ ಆ ಪ್ರವಾಸಿಗರಲ್ಲಿ ಒಬ್ಬಳಾಗಿ ಬಂದವಳು.

ಮಧ್ಯಾಹ್ನ ಬೇಯಿಸಿದ ಕೆಸುವಿನ ಗಡ್ಡೆ ಕೊಟ್ಟರು. ಹುಳಿ ಹಾಕದಿದ್ದರೂ ಗಂಟಲು ತುರಿಸಲಿಲ್ಲ, ಅಷ್ಟು ಹದವಾಗಿ ಬೆಂದಿತ್ತು. ನಾನು ಪತ್ರೊಡೆ ಮಾಡುವ ಕ್ರಮ ಹೇಳಿದೆ. ಎಲೆಗೆ ಅಕ್ಕಿ ಹಿಟ್ಟು ಸವರುತ್ತೇವೆ ಎಂದದ್ದಕ್ಕೆ ಆಂಟಿ ಎರಡೆರಡು ಸಲ ಕೇಳಿ ತಿಳಿದುಕೊಂಡರು.

ವಾಪಸು ಬರುವಾಗ ಆಲಾ ವಾಯ್ ದಡದಲ್ಲಿ ನಡೆದೆವು. 2006ರಲ್ಲಿ ಕೊಳಚೆ ಕೊಳವೆ ಒಡೆದು, ಸುಮಾರು 4.8 ಕೋಟಿ ಗ್ಯಾಲನ್ ಹೊಲಸು ನೀರನ್ನು ಈ ಕಾಲುವೆಗೇ ಬಿಟ್ಟಿದ್ದರು. ಬೆಳಗ್ಗೆ ನಾನು ನಿಂತಿದ್ದ ಗದ್ದೆಯ ನೀರು ಕೊನೆಗೆ ಸೇರುವುದೂ ಇಲ್ಲಿಗೇ. ಹೋಟೆಲುಗಳ ಬುಡದಲ್ಲಿ ಕೆಲವೇ ಅಡಿ ಕೆಳಗೆ ಈಗಲೂ ನೀರಿದೆ. ದೊಡ್ಡ ಉಬ್ಬರದ ದಿನ ಚರಂಡಿಗಳ ಮೂಲಕ ಉಕ್ಕಿ ರಸ್ತೆಗೆ ಬರುತ್ತದೆ. ಕಡಲು ಏರಿದಷ್ಟೂ ಇದು ಹೆಚ್ಚುತ್ತದೆ. ಅಣ್ಣನ ಮಗಳು ಓದುತ್ತಿರುವುದು ಇದನ್ನೇ. ಕಾಲುವೆಯ ದಡದಲ್ಲಿ ಗೋಡೆ ಎತ್ತರಿಸುವ ಮಾತು ಬಂದಾಗಲೆಲ್ಲ, ಹೊಳೆಗೆ ಹರಡಿಕೊಳ್ಳಲು ಎಲ್ಲಿ ಜಾಗ ಬಿಡುತ್ತೀರಿ ಎಂದು ಕಾನೇವಾಯ್‌ನವರು ಕೇಳುತ್ತಾರೆ ಎಂದಳು. ಮುಂದಿನ ಶನಿವಾರವೂ ಅವಳು ಕೆಸರಿಗೆ ಇಳಿಯುವವಳಿದ್ದಳು.