ಒಟಿಡಿಆರ್ 5,240 ಮೀಟರ್ ಅಂದರೆ ಅಗೆಯುವುದು ಎಲ್ಲಿ?

ಗ್ರಾಮ ಪಂಚಾಯಿತಿಗಳಿಗೆ ಇಂಟರ್ನೆಟ್ ಒಯ್ಯುವ ಭಾರತ್‌ನೆಟ್‌ನ ಫೈಬರ್ ಕೇಬಲ್ ಕಟ್ ಆದಾಗ ಜಾಯಿಂಟ್ ಕೆಲಸ ಕೆಲವೇ ಗಂಟೆಗಳದ್ದು. ಕಟ್ ಎಲ್ಲಿದೆ ಎಂದು ಹುಡುಕುವುದರಲ್ಲೇ ದಿನ ಕಳೆದುಹೋಗುತ್ತದೆ. ಒಟಿಡಿಆರ್ ಎಂದರೆ ಫೈಬರ್‌ಗೆ ಬೆಳಕಿನ ಪಲ್ಸ್ ಬಿಟ್ಟು, ವಾಪಸ್ ಬರುವ ಬೆಳಕಿನಿಂದ ದೂರ ಅಳೆಯುವ ಯಂತ್ರ; ಅದು ಬಿಡಿಸುವ ಗೆರೆಯೇ ಟ್ರೇಸ್. ಬ್ಲಾಕ್‌ನಿಂದ (ತಾಲ್ಲೂಕು ಮಟ್ಟದ ಕೇಂದ್ರ) ಹಾಕಿದ ಟ್ರೇಸ್‌ನಲ್ಲಿ 5,240 ಮೀಟರ್‌ಗೆ ಗೆರೆ ನೆಲಕಚ್ಚಿದೆ ಅಂದುಕೊಳ್ಳಿ. ಎಫ್‌ಆರ್‌ಟಿ (ಕೇಬಲ್ ದುರಸ್ತಿ ತಂಡ) ಹುಡುಗರು ಬೈಕಿನ ಮೀಟರ್ ನೋಡಿಕೊಂಡು ಐದೂ ಕಾಲು ಕಿಲೋಮೀಟರ್‌ಗೆ ಹೋಗಿ ನಿಂತು ಅಗೆಯಲು ಶುರು ಮಾಡುತ್ತಾರೆ. ಎದೆಯುದ್ದದ ಗುಂಡಿ ತೆಗೆದ ಮೇಲೆ ಡಕ್ಟ್ (ಕೇಬಲ್ ಹಾಯುವ ಪೈಪು) ಗಟ್ಟಿಮುಟ್ಟಾಗಿ ಸಿಗುತ್ತದೆ. ಅಷ್ಟು ಹೊತ್ತಿಗೆ ಡಾಕೆಟ್ (ದಾಖಲಾದ ದೂರು) ಎಸ್‌ಎಲ್‌ಎ, ಅಂದರೆ ರಿಪೇರಿಯ ಗಡುವು, ದಾಟಿರುತ್ತದೆ, ಮೇಲಿನವರ ಫೋನ್ ಬಿಡುವಿಲ್ಲದೆ ಬರುತ್ತಿರುತ್ತದೆ.

ಗುದ್ದಲಿ ಹಿಡಿಯುವುದಕ್ಕೆ ಮುಂಚೆ ಎನ್‌ಒಸಿಗೆ (ನೆಟ್‌ವರ್ಕ್ ನಿಗಾ ಕೇಂದ್ರ) ಕೇಳಬೇಕಾದದ್ದು ಎರಡು ವಿಷಯ. ಒಎನ್‌ಟಿ (ಪಂಚಾಯಿತಿಯಲ್ಲಿರುವ ಫೈಬರ್ ಪೆಟ್ಟಿಗೆ) ಬೀಳುವಾಗ ಡೈಯಿಂಗ್ ಗ್ಯಾಸ್ಪ್, ಅಂದರೆ ಕರೆಂಟ್ ಹೋಗುತ್ತಿದೆ ಎಂಬ ಕೊನೆಯ ಸಂದೇಶ, ಕಳಿಸಿತ್ತಾ? ಕಳಿಸಿದ್ದರೆ ಅದು ಕರೆಂಟಿನ ಸಮಸ್ಯೆ: ಬ್ಯಾಟರಿ ಸತ್ತಿದೆ, ಇಲ್ಲವೇ ಪಂಚಾಯಿತಿಯಲ್ಲಿ ಯಾರೋ ಬೇರೆ ಏನಕ್ಕೋ ಪ್ಲಗ್ ಕಿತ್ತಿದ್ದಾರೆ. ಅದಕ್ಕೆ ಸ್ಪ್ಲೈಸಿಂಗ್ ಮೆಷಿನ್ (ಫೈಬರ್ ತುದಿಗಳನ್ನು ಬೆಸೆಯುವ ಯಂತ್ರ) ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ. ಎರಡನೆಯದು, ಬ್ಲಾಕ್‌ನಲ್ಲಿರುವ ಒಎಲ್‌ಟಿ ಯಂತ್ರದ ಅದೇ ಪಾನ್ ಪೋರ್ಟಿನ (ಹಲವು ಪಂಚಾಯಿತಿಗಳು ಹಂಚಿಕೊಳ್ಳುವ ಕಿಂಡಿ) ಬೇರೆ ಪಂಚಾಯಿತಿಗಳೂ ಒಟ್ಟಿಗೆ ಬಿದ್ದಿವೆಯಾ? ಎಲ್ಲವೂ ಬಿದ್ದಿದ್ದರೆ ಕಟ್ ಸ್ಪ್ಲಿಟರ್‌ಗಿಂತ (ಒಂದು ಫೈಬರನ್ನು ಹಲವು ಕವಲು ಮಾಡುವ ಸಾಧನ) ಹಿಂದೆ, ಬ್ಲಾಕ್‌ನಿಂದ ಒಟಿಡಿಆರ್ ಹಾಕಬಹುದು. ಒಂದೇ ಬಿದ್ದಿದ್ದರೆ ಸ್ಪ್ಲಿಟರ್‌ನಿಂದ ಆಚೆ. ಆಗ ಬ್ಲಾಕ್‌ನಿಂದ ಹಾಕಿದರೆ ಎಲ್ಲ ಕವಲುಗಳ ಪ್ರತಿಫಲನ ಒಂದರ ಮೇಲೊಂದು ಬಿದ್ದು ಟ್ರೇಸ್ ಗೋಜಲಾಗುತ್ತದೆ, ಪಂಚಾಯಿತಿ ಕಡೆಯಿಂದಲೇ ಹಾಕಬೇಕು. 1310 ಅಥವಾ 1550 ನ್ಯಾನೊಮೀಟರ್ ತರಂಗಾಂತರದಲ್ಲಿ ಹಾಕುವಾಗ ಪ್ಯಾಚ್‌ಕಾರ್ಡನ್ನು ಒಎಲ್‌ಟಿಯಿಂದ ಬಿಚ್ಚಿರಬೇಕು ಎಂಬುದನ್ನು ಹೊಸಬರಿಗೆ ಹೇಳಲೇಬೇಕು. ಇಲ್ಲದಿದ್ದರೆ ಒಟಿಡಿಆರ್ ರಿಪೇರಿಗೆ ಹೋಗುತ್ತದೆ, ಅದು ವಾಪಸ್ ಬರುವ ಹೊತ್ತಿಗೆ ಋತುವೇ ಬದಲಾಗಿರುತ್ತದೆ.

ಈಗ ಆ 5,240. ಒಟಿಡಿಆರ್ ಅಳೆಯುವುದು ಗಾಜಿನ ಉದ್ದವನ್ನು, ರಸ್ತೆಯನ್ನಲ್ಲ. ಕೇಬಲ್ ಒಳಗೆ ಫೈಬರ್ ತುಸು ಸುತ್ತಿಕೊಂಡು ಹೋಗುವುದರಿಂದ ಕೇಬಲ್‌ಗಿಂತ ಅದು ಉದ್ದ. ಎಷ್ಟು ಉದ್ದ ಎಂಬುದು ಡ್ರಮ್ ಜತೆ ಬರುವ ಹಾಳೆಯಲ್ಲಿ ಇರುತ್ತದೆ. 1.5 ಶೇಕಡಾ ಎಂದಿಟ್ಟುಕೊಂಡರೆ 5,240ನ್ನು 1.015ರಿಂದ ಭಾಗಿಸಬೇಕು, ಕೇಬಲ್ ಉದ್ದ 5,163 ಬರುತ್ತದೆ. ಅದರಲ್ಲಿ ಒಎಲ್‌ಟಿ ರೂಮಿನಲ್ಲಿ ಸುತ್ತಿಟ್ಟ 20 ಮೀಟರ್ ಕಳೆಯಿರಿ. ಎರಡು ಕಿಲೋಮೀಟರ್ ಡ್ರಮ್ ಆದರೆ ನಡುವೆ ಎರಡು ಜಾಯಿಂಟ್, ಒಂದೊಂದು ಚೇಂಬರ್‌ನಲ್ಲಿ (ಜಾಯಿಂಟ್ ಇಡುವ ನೆಲದೊಳಗಿನ ತೊಟ್ಟಿ) ಎರಡು ಕಡೆಗೂ ಹತ್ತು ಹತ್ತು ಮೀಟರ್ ಲೂಪ್ (ಸುತ್ತಿಟ್ಟ ಹೆಚ್ಚುವರಿ ಕೇಬಲ್), ಒಟ್ಟು 40. ಉಳಿದದ್ದು 5,103. ಅಂದರೆ ಮೊದಲು ಅಗೆದ ಗುಂಡಿ 137 ಮೀಟರ್ ಮುಂದಿತ್ತು. ಇದರ ಮೇಲೆ ಒಟಿಡಿಆರ್‌ನಲ್ಲಿ ಐಒಆರ್ (ಗಾಜಿನ ವಕ್ರೀಭವನ ಸೂಚ್ಯಂಕ) 1.468 ಇರಬೇಕಾದ ಕಡೆ ಯಾರೋ 1.460 ಬಿಟ್ಟಿದ್ದರೆ ಇನ್ನೂ 29 ಮೀಟರ್ ಸೇರುತ್ತದೆ. ಪಲ್ಸ್ 1 ಮೈಕ್ರೊಸೆಕೆಂಡ್ ಇಟ್ಟು ನೋಡಿದರಂತೂ ನೂರು ಮೀಟರ್ ಒಳಗಿನ ಎರಡು ಈವೆಂಟ್ (ಜಾಯಿಂಟ್, ಕಟ್‌ನಂಥ ಗುರುತು) ಒಂದೇ ಆಗಿ ಕಾಣುತ್ತವೆ. ಕಟ್ ಗುರುತಿಸಿದ ಮೇಲೆ 100 ನ್ಯಾನೊಸೆಕೆಂಡ್‌ಗೆ ಇಳಿಸಿ ಇನ್ನೊಮ್ಮೆ ಹಾಕುವುದು ಒಳ್ಳೆಯದು.

ಇದಕ್ಕಿಂತ ಸುಲಭದ ದಾರಿಯೂ ಇದೆ. ಕಟ್‌ಗೆ ಹಿಂದಿನ ಜಾಯಿಂಟ್ ಟ್ರೇಸ್‌ನಲ್ಲಿ 4,060ರಲ್ಲಿ ಕಾಣುತ್ತಿದೆ, ಆ ಚೇಂಬರ್ ನೆಲದ ಮೇಲೆ ಎಲ್ಲಿದೆ ಎಂದು ಗೊತ್ತಿದೆ ಎಂದಾದರೆ ವ್ಯತ್ಯಾಸ ಬರೀ 1,180. ಭಾಗಿಸಿ ಲೂಪಿನ ಹತ್ತು ಮೀಟರ್ ಕಳೆದರೆ ಚೇಂಬರ್‌ನಿಂದ 1,153 ಮೀಟರ್. ಟೇಪ್ ಹಿಡಿದು ಹೋಗಿ. ಲೆಕ್ಕ ಹಾಕಬೇಕಾದ ಉದ್ದ ಕಡಿಮೆಯಾದಷ್ಟೂ ತಪ್ಪೂ ಕಡಿಮೆ.

ಆದರೆ ಚೇಂಬರ್ ಎಲ್ಲಿದೆ ಎಂದು ಗೊತ್ತಿರಬೇಕಲ್ಲ! ರಸ್ತೆ ಅಗಲ ಮಾಡಿದ ಕಡೆ ರೂಟ್ ಮಾರ್ಕರ್ ಕಿತ್ತುಹೋಗಿ, ಚೇಂಬರ್ ಮುಚ್ಚಳದ ಮೇಲೆ ಜಲ್ಲಿ ಬಿದ್ದಿರುತ್ತದೆ. ಆಸ್‌ ಬಿಲ್ಟ್ ನಕ್ಷೆ (ಕೇಬಲ್ ನಿಜವಾಗಿ ಹಾಕಿದ ದಾರಿಯದ್ದು) ಕೇಳಿದರೆ ಟೆಂಡರ್ ಹೊತ್ತಿನ ಸರ್ವೆ ನಕ್ಷೆಯನ್ನೇ ಹೆಸರು ಬದಲಿಸಿ ಕೊಡುತ್ತಾರೆ. ನಕ್ಷೆಯಲ್ಲಿ ಕೇಬಲ್ ರಸ್ತೆಯ ಎಡಕ್ಕೆ, ನೆಲದಲ್ಲಿ ಬಲಕ್ಕೆ. ಬಿಲ್ ಆಗುವುದು ಟ್ರೆಂಚ್ ಮೀಟರ್ ಲೆಕ್ಕದಲ್ಲಿ, ನಕ್ಷೆ ಸರಿ ಇದೆಯಾ ಎಂದು ಹಠ ಹಿಡಿಯುವವರು ಕಡಿಮೆ. 2011ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆ ಮೊದಲ ಹಂತದ ಒಂದು ಲಕ್ಷ ಪಂಚಾಯಿತಿ ಮುಟ್ಟಿದ್ದು 2017ರ ಕೊನೆಗೆ. ಆ ಓಟದಲ್ಲಿ ಎಣಿಸಿದ್ದು ಕಿಲೋಮೀಟರ್ ಮತ್ತು ಪಂಚಾಯಿತಿ ಸಂಖ್ಯೆಯನ್ನು. ಅದರಲ್ಲೂ ಬ್ಲಾಕ್‌ನಿಂದ ಎಫ್‌ಪಿಒಐವರೆಗೆ (ಹಳೆ, ಹೊಸ ಫೈಬರ್ ಸೇರುವ ಜಾಗ) ಮೊದಲೇ ಇದ್ದ ಹಳೆ ಕೇಬಲ್, ಅಲ್ಲಿಂದ ಪಂಚಾಯಿತಿಗೆ ಹೊಸದು. ಎರಡರ ದಾಖಲೆ ಬೇರೆ, ಫೈಬರ್ ಮತ್ತು ಕೇಬಲ್ ಉದ್ದದ ಅನುಪಾತ ಬೇರೆ, ನೋಡಿಕೊಳ್ಳುವವರೂ ಬೇರೆ. ಕಟ್ ಎಫ್‌ಪಿಒಐ ಆಸುಪಾಸಿನಲ್ಲಿ ಆದರೆ ‘ನಮ್ಮದಲ್ಲ’ ಎನ್ನುವ ವಾಟ್ಸಾಪ್ ಸಂದೇಶಗಳಿಗೇ ಅರ್ಧ ದಿನ ಬೇಕು.

ಕಟ್ ಸಿಕ್ಕಿತು ಎಂದಾದ ಮೇಲೆ ಬರುವ ಅರ್ಧ ಗಂಟೆ ಎಲ್ಲಕ್ಕಿಂತ ಕೆಟ್ಟದ್ದು. 24 ಕೋರ್ ಜಾಯಿಂಟ್ ಮುಗಿದಿದೆ, ಪ್ರತಿ ಸ್ಪ್ಲೈಸ್‌ಗೂ ಮೆಷಿನ್ 0.02 ಡಿಬಿ ನಷ್ಟ ತೋರಿಸಿದೆ, ಎನ್‌ಕ್ಲೋಷರ್ (ಜಾಯಿಂಟ್ ಡಬ್ಬಿ) ಬಿಗಿಮಾಡಿ ಗುಂಡಿಗೆ ಮಣ್ಣೂ ಎಳೆದಾಗಿದೆ. ಎನ್‌ಒಸಿಗೆ ಫೋನ್ ಮಾಡಿದರೆ ಆ ಕಡೆಯಿಂದ ‘ಇನ್ನೂ ಎಲ್‌ಒಎಸ್ ಸಾರ್’, ಅಂದರೆ ಸಿಗ್ನಲ್ ಇಲ್ಲ. ತಕ್ಷಣ ಎಲ್ಲರ ಅನುಮಾನ ಜಾಯಿಂಟರ್ ಮೇಲೆ. ಮಣ್ಣು ತೆಗೆದು, ಎನ್‌ಕ್ಲೋಷರ್ ಬಿಚ್ಚಿ, ಸರಿಯಾಗಿದ್ದ ಸ್ಪ್ಲೈಸ್‌ಗಳನ್ನೇ ಕತ್ತರಿಸಿ ಮತ್ತೆ ಮಾಡುತ್ತಾರೆ. ಫಲಿತಾಂಶ ಅದೇ. ಅಷ್ಟರಲ್ಲಿ ಕತ್ತಲಾಗಿರುತ್ತದೆ.

ಜೆಸಿಬಿಯ ಹಲ್ಲು ಕೇಬಲ್ಲನ್ನು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ. ಹೊರಕವಚ ಹರಿದ ಜಾಗ ಒಂದು, ಒಳಗೆ ಫೈಬರ್ ತುಂಡಾದ ಜಾಗ ಇನ್ನೊಂದು. ಕೆಲವೊಮ್ಮೆ ಹತ್ತಾರು ಮೀಟರ್ ಆಚೆ, ಕೆಲವೊಮ್ಮೆ ಪಕ್ಕದ ಚೇಂಬರ್‌ನ ಟ್ರೇಯಿಂದಲೇ ಕೋರ್‌ಗಳು ಕಿತ್ತುಬಂದಿರುತ್ತವೆ. ಬ್ಲಾಕ್‌ನಿಂದ ಹಾಕಿದ ಒಟಿಡಿಆರ್‌ಗೆ ಮೊದಲ ತುಂಡಿನಾಚೆ ಏನೂ ಕಾಣದು. ಮೆಷಿನ್ ತೋರಿಸುವ 0.02 ಕೂಡ ಎರಡು ತುದಿಗಳ ಚಿತ್ರ ನೋಡಿ ಕಟ್ಟಿದ ಅಂದಾಜು, ಬೆಳಕನ್ನು ಅಳೆದದ್ದಲ್ಲ. ಹಾಗಾಗಿ ಮೊದಲ ಸ್ಪ್ಲೈಸ್‌ಗೆ ಮುಂಚೆಯೇ ಗುಂಡಿಯಲ್ಲಿ ನಿಂತು ಬೇರ್ ಫೈಬರ್ ಅಡಾಪ್ಟರ್ ಹಾಕಿ, ಲಾಂಚ್ ಕೇಬಲ್ (ನಡುವೆ ಜೋಡಿಸುವ ಹೆಚ್ಚುವರಿ ಫೈಬರ್) ಇಟ್ಟು ಎರಡು ದಿಕ್ಕಿಗೂ ಒಟಿಡಿಆರ್ ಹಾಕಬೇಕು. ಲಾಂಚ್ ಕೇಬಲ್ ಇಲ್ಲದಿದ್ದರೆ ಮೊದಲ ಕೆಲವು ಮೀಟರ್ ಡೆಡ್ ಝೋನ್‌ನಲ್ಲಿ (ಒಟಿಡಿಆರ್‌ಗೆ ಕಾಣದ ಭಾಗ) ಮುಚ್ಚಿಹೋಗುತ್ತದೆ, ಎಳೆತದ ಪೆಟ್ಟು ಕೂತಿರುವುದು ಎಷ್ಟೋ ಸಲ ಅಲ್ಲೇ. 1550ರಲ್ಲಿ ಹೆಚ್ಚು, 1310ರಲ್ಲಿ ಕಡಿಮೆ ಲಾಸ್ ಕಂಡರೆ ಎಲ್ಲೋ ಬಗ್ಗಿ ಹಿಸುಕಿದೆ ಎಂದು ಅರ್ಥ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ ಸ್ಪ್ಲೈಸ್ ಅನುಮಾನಿಸಬೇಕು. ಪಂಚಾಯಿತಿ ತುದಿಯಲ್ಲಿ ಪವರ್ ಮೀಟರ್ ಓದಿದ ಮೇಲಷ್ಟೇ ಮಣ್ಣು ಎಳೆಯಿರಿ. ಒಎನ್‌ಟಿ ಮೈನಸ್ 27 ಡಿಬಿಎಂವರೆಗಿನ ಮಂದ ಬೆಳಕನ್ನೂ ಹಿಡಿಯುತ್ತದೆ ಎಂದು ಮೈನಸ್ 26ಕ್ಕೆ ಡಾಕೆಟ್ ಮುಚ್ಚಿದರೆ, ಜಾಯಿಂಟ್‌ಗೆ ಸ್ವಲ್ಪ ನೀರು ಇಳಿದರೂ ಅದೇ ಡಾಕೆಟ್ ಮತ್ತೆ ತೆರೆಯುತ್ತದೆ.

ತುಂಡು ಕೇಬಲ್ ಸೇರಿಸಿದ ಪ್ರತಿ ಸಲವೂ ಹಿಂದಿನ ಲೆಕ್ಕವೆಲ್ಲ ಬದಲಾಗುತ್ತದೆ. ಎಷ್ಟು ಮೀಟರ್ ಸೇರಿಸಿದ್ದು, ಎರಡೂ ಹೊಸ ಜಾಯಿಂಟ್‌ಗಳ ಜಿಪಿಎಸ್, ಕೇಬಲ್ ಮೈಮೇಲೆ ಅಚ್ಚಾದ ಮೀಟರ್ ಗುರುತು, ಎಷ್ಟು ಲೂಪ್ ಬಿಟ್ಟದ್ದು, ರಸ್ತೆ ಅಂಚಿನಿಂದ ಎಷ್ಟು ದೂರ, ಎಷ್ಟು ಆಳ: ಇವನ್ನು ಗುಂಡಿ ತೆರೆದಿರುವಾಗಲೇ ಬರೆದುಕೊಳ್ಳದಿದ್ದರೆ ಆಮೇಲೆ ಯಾರೂ ಬರೆಯುವುದಿಲ್ಲ. ಆಳ 165 ಸೆಂಟಿಮೀಟರ್ ಎಂದು ಅಂದಾಜಿಗೆ ತುಂಬಬೇಡಿ. ಬಂಡೆ ಸಿಕ್ಕ ಕಡೆ ಮೇಲಕ್ಕೆ ತಂದು ಜಿಐ ಪೈಪ್, ಕಾಂಕ್ರೀಟ್ ಹಾಕಿದ ಜಾಗಗಳೇ ಮತ್ತೆ ಮತ್ತೆ ಕಟ್ ಆಗುವುದು. 2023ರಲ್ಲಿ ಬಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ರಸ್ತೆ ಕೆಲಸದವರು ವಿಚಾರಿಸಿದರೂ, ನಮ್ಮ ಬಳಿ ಇರುವುದು ತಪ್ಪು ನಕ್ಷೆಯಾದರೆ ಅವರಿಗೆ ತಪ್ಪು ಉತ್ತರವೇ ಹೋಗುತ್ತದೆ.

2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ಪರಿಷ್ಕೃತ ಯೋಜನೆ ಸುಮಾರು 1.39 ಲಕ್ಷ ಕೋಟಿ ರೂಪಾಯಿಯದ್ದು. ಅದರಲ್ಲಿ ಪಂಚಾಯಿತಿಗಳನ್ನು ರಿಂಗ್‌ನಲ್ಲಿ (ಒಂದು ಕಡೆ ಕಟ್ ಆದರೂ ಇನ್ನೊಂದು ಕಡೆಯಿಂದ ಸಂಪರ್ಕ ಸಿಗುವಂತೆ) ಜೋಡಿಸುವುದೂ ಹತ್ತು ವರ್ಷದ ನಿರ್ವಹಣೆಯೂ ಸೇರಿವೆ. ಒಂದು ಕಟ್‌ಗೆ ಸಾಲು ಪಂಚಾಯಿತಿಗಳು ಬೀಳುವ ಹಳೆ ಸ್ಥಿತಿಗಿಂತ ಇದು ಎಷ್ಟೋ ಮೇಲು. ಆದರೆ ರಿಂಗಿನ ಎರಡು ತೋಳೂ ಒಂದೇ ಸೇತುವೆಯ ಒಂದೇ ಪೈಪಿನಲ್ಲಿ ದಾಟಿದ್ದರೆ ಪ್ರಯೋಜನವಿಲ್ಲ. ಎಟಿ (ಕೆಲಸ ಒಪ್ಪಿಕೊಳ್ಳುವ ಪರೀಕ್ಷೆ) ಮಾಡುವಾಗ ಒಂದು ಕಡೆಯ ಪ್ಯಾಚ್‌ಕಾರ್ಡ್ ಕಿತ್ತು, ಟ್ರಾಫಿಕ್ ಇನ್ನೊಂದು ಕಡೆಗೆ ತಿರುಗಿತು ಎಂದು ನೋಡಿ ಸಹಿ ಹಾಕಿಬಿಡುತ್ತಾರೆ. ರೂಮಿನಲ್ಲಿ ಕೂತು ಮಾಡುವ ಈ ಪರೀಕ್ಷೆಯಲ್ಲಿ ಇಂಥ ರಿಂಗ್ ಕೂಡ ಪಾಸಾಗುತ್ತದೆ. ಸಹಿ ಹಾಕುವ ಮುಂಚೆ ಪ್ರತಿ ಸೇತುವೆ, ಪ್ರತಿ ಮೋರಿಗೆ ನಡೆದುಹೋಗಿ ಯಾವ ತೋಳು ಯಾವ ಪೈಪಿನಲ್ಲಿದೆ ಎಂದು ಕಣ್ಣಾರೆ ನೋಡಿ, ಫೋಟೊ ಸಮೇತ ರಿಜಿಸ್ಟರ್‌ಗೆ ಸೇರಿಸಬೇಕು.