ಹೆಸರು ಬೇಡ ಮಾಮ

ಅಕ್ಕನ ಮಗ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಜೆರ್ಸಿ ಬೇಕು ಅಂದ. ಬೆನ್ನ ಮೇಲೆ ಯಾರ ಹೆಸರು ಹಾಕಿಸೋಣ ಅಂತ ಕೇಳಿದೆ. "ಹೆಸರು ಬೇಡ ಮಾಮ, ಮುಂದಿನ ವರ್ಷ ಅವನು ಇರ್ತಾನೋ ಇಲ್ವೋ" ಅಂದ. ಘಾಟಿ ಹುಡುಗ!

ಅವನು ಹೇಳಿದ್ದೂ ಸರಿಯೇ. 2022ರಲ್ಲಿ ಫಾರೆಸ್ಟ್ ಅಲ್ಲಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗಿಗೆ ಏರಿದಾಗ ಸ್ಪೆನ್ಸ್, ಗಾರ್ನರ್, ಡೇವಿಸ್ ಎಲ್ಲ ಲೋನ್ ಮೇಲೆ, ಅಂದರೆ ಬೇರೆ ಕ್ಲಬ್‌ಗಳಿಂದ ಸ್ವಲ್ಪ ಕಾಲಕ್ಕೆ ಎರವಲಾಗಿ ಬಂದ ಆಟಗಾರರು. ಗೆಲ್ಲಿಸಿದರು, ವಾಪಸ್ ಹೊರಟರು. ಜಾಗ ತುಂಬೋಕೆ ಅದೇ ಬೇಸಿಗೆಯಲ್ಲಿ 20ಕ್ಕೂ ಹೆಚ್ಚು ಆಟಗಾರರು ಬಂದರು. ಮದುವೆಮನೆ ನೆಂಟರ ಹಾಗೆ, ಯಾರು ಯಾರು ಅಂತ ಗೊತ್ತಾಗೋಕೇ ಟೈಮ್ ಬೇಕು.

ಇದಕ್ಕೆ ತದ್ವಿರುದ್ಧ, 1980-81ರ ಸೀಸನ್ನಿನ ಇನ್ನೊಂದು ಇಂಗ್ಲಿಷ್ ಕ್ಲಬ್ ಆಸ್ಟನ್ ವಿಲ್ಲಾ ನೋಡಿ. 42 ಪಂದ್ಯಕ್ಕೆ ಬರೀ 14 ಆಟಗಾರರು! ಏಳು ಜನ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಲೀಗ್ ಗೆದ್ದರು. ಆಗ ಪಂದ್ಯಕ್ಕೆ ಒಬ್ಬನೇ ಸಬ್ (ಬದಲಿ ಆಟಗಾರ), ಈಗ ಐದು. ಓಟವೂ ಜಾಸ್ತಿ. ಇವತ್ತು 14 ಜನ ಸಾಲಲ್ಲ, ಒಪ್ಪುತ್ತೇನೆ.

ಆದರೆ ಒಂದು ನಿಯಮ ನನಗೆ ಸುತಾರಾಂ ಹಿಡಿಸಲ್ಲ. ಪ್ರೀಮಿಯರ್ ಲೀಗಿನಲ್ಲಿ ಲೋನ್ ಮೇಲೆ ಬಂದವನು ತನ್ನ ಮೂಲ ಕ್ಲಬ್ ವಿರುದ್ಧ ಆಡುವಂತಿಲ್ಲ. 2022ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಅಲ್ಲಿಂದಲೇ ಲೋನ್ ಮೇಲೆ ಬಂದಿದ್ದ ಫಾರೆಸ್ಟ್ ಗೋಲ್‌ಕೀಪರ್ ಹೆಂಡರ್ಸನ್ ಹೊರಗೆ ಕೂತ. 3-0 ಸೋಲು. ಅವನಿದ್ದರೂ ಸೋಲುತ್ತಿದ್ದರೇನೋ. ಆದರೂ ಆಡೋಕೆ ಬಿಡಬೇಕಿತ್ತು, ಅಲ್ವಾ?