ಒಂದೇ ಅನ್ನ ಉಂಡ ಇಬ್ಬರು ಮಕ್ಕಳು ಬೇರೆ ಬೇರೆ ಏಕೆ?

ನಾನು ಮನಶ್ಶಾಸ್ತ್ರದ ಮೇಷ್ಟ್ರು ಎಂದು ಗೊತ್ತಾದರೆ ಸಾಕು, ಮದುವೆ ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ಈ ಪ್ರಶ್ನೆ ತಪ್ಪದು: ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಇಷ್ಟೊಂದು ಬೇರೆಯಾಗುವುದು ಹೇಗೆ? ಹೋದ ತಿಂಗಳು ಕೇಳಿದವರು ನೆರೆಮನೆಯಾಕೆ. "ದೊಡ್ಡವನು ನೆಂಟರ ದನಿ ಕೇಳಿದರೆ ಅಡುಗೆಮನೆ ಬಾಗಿಲ ಹಿಂದೆ ಸೇರಿಕೊಳ್ಳುತ್ತಾನೆ. ಚಿಕ್ಕವಳು ಬಂದವರ ಚೀಲಕ್ಕೇ ಕೈ ಹಾಕುತ್ತಾಳೆ. ಇಬ್ಬರಿಗೂ ನಾನು ಹಾಕಿದ್ದು ಒಂದೇ ಅನ್ನವಲ್ಲವೇ ಮೇಷ್ಟ್ರೇ?"

ಗಾದೆಗಳನ್ನು ಕೇಳಿದರೆ ಜಗಳ ಬಗೆಹರಿಯುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತದೆ ಒಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತದೆ ಇನ್ನೊಂದು. ಅವಳಿಗಳ ಅಧ್ಯಯನಗಳ ಪ್ರಕಾರ, ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಶೇ. 40ರಿಂದ 50ರಷ್ಟು ಅನುವಂಶೀಯತೆಯ ಲೆಕ್ಕಕ್ಕೆ ಹೋಗುತ್ತದೆ. ಆದರೆ ಅಪ್ಪ ಅಮ್ಮನಿಂದ ಬರುವ ವಂಶವಾಹಿಗಳು ಪ್ರತಿ ಮಗುವಿಗೂ ಹೊಸದಾಗಿ ಕಲೆಸಿ ಹಂಚಿದ ಇಸ್ಪೀಟೆಲೆಗಳು; ಅಣ್ಣನ ಕೈಗೆ ಬಂದದ್ದೇ ತಂಗಿಗೂ ಬರಬೇಕೆಂದಿಲ್ಲ. ಉಳಿದ ಪಾಲೆಲ್ಲ ಸಾಕಿದವರ ಕೈಯಲ್ಲಿದೆ ಎಂದುಕೊಳ್ಳುವುದೂ ತಪ್ಪು. ಒಂದೇ ಸೂರಿನಡಿ ಬೆಳೆದ ಮಾತ್ರಕ್ಕೆ ಸ್ವಭಾವಗಳು ಅಷ್ಟಾಗಿ ಹೋಲುವುದಿಲ್ಲ. "ಹಿರಿಯ ಮಕ್ಕಳೇ ಹಾಗೆ" ಎಂಬ ಮಾತೂ ನಿಲ್ಲುವುದಿಲ್ಲ: 2015ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಗಳ 20,000ಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿದಾಗ ಸಂಕೋಚಕ್ಕೂ ಹುಟ್ಟಿದ ಕ್ರಮಕ್ಕೂ ನಂಟು ಸಿಗಲಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ವಿಕಾಸವು ಕೆಲಸಕ್ಕೆ ಬಾರದ್ದನ್ನು ಜರಡಿ ಹಿಡಿಯುವುದಾದರೆ, ಲಕ್ಷಾಂತರ ವರ್ಷಗಳ ಬಳಿಕವೂ ಪುಕ್ಕಲರು, ಮುನ್ನುಗ್ಗುವವರು ಇಬ್ಬರೂ ಏಕೆ ಉಳಿದಿದ್ದೇವೆ? ಯಾವುದೋ ಒಂದು "ಒಳ್ಳೆಯ" ಸ್ವಭಾವ ಗೆದ್ದು ಉಳಿಯಬೇಕಿತ್ತಲ್ಲ.

ಇದಕ್ಕೆ ನನಗೆ ಹಿಡಿಸಿದ ಉತ್ತರ ಸಿಕ್ಕಿದ್ದು ನೆದರ್‌ಲೆಂಡ್ಸಿನ ಒಂದು ಹಕ್ಕಿಯಿಂದ. ಹೆಸರು ಗ್ರೇಟ್ ಟಿಟ್. ಗುಬ್ಬಿಯಷ್ಟೇ ಗಾತ್ರ, ಹಳದಿ ಹೊಟ್ಟೆ. (ಇದರ ಬೂದು ಬಣ್ಣದ ದಾಯಾದಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ.) ವಿಜ್ಞಾನಿ ನೀಲ್ಸ್ ಡಿಂಗೆಮನ್ಸೆ ಮತ್ತು ಜೊತೆಗಾರರು ಕಾಡಿನ ಹಕ್ಕಿಗಳನ್ನು ಹಿಡಿದು, ಐದು ಕೃತಕ ಮರಗಳಿದ್ದ ಕೋಣೆಯೊಳಗೆ ಒಂದೊಂದಾಗಿ ಬಿಟ್ಟರು. ಮೊದಲ ಎರಡು ನಿಮಿಷ ಅದು ಎಷ್ಟು ಸಲ ಹಾರಿತು, ಕುಪ್ಪಳಿಸಿತು ಎಂದು ಎಣಿಸಿದರು. ಕೆಲವು ಬಾಗಿಲು ತೆರೆದದ್ದೇ ತಡ ಐದೂ ಮರ ಸುತ್ತಿ ಬಂದವು. ಕೆಲವು ಕೂತಲ್ಲೇ ಕೂತವು. ಆಮೇಲೆ ಎಲ್ಲವನ್ನೂ ಕಾಡಿಗೇ ಬಿಟ್ಟು, ಯಾವುವು ಬದುಕಿ ಉಳಿಯುತ್ತವೆ ಎಂದು ವರ್ಷ ವರ್ಷವೂ ನೋಡಿದರು.

2004ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿದೆ. ಒಂದು ವರ್ಷ ಚುರುಕಿನ ಹೆಣ್ಣುಗಳು ಹೆಚ್ಚು ಉಳಿದರೆ, ಮರುವರ್ಷ ನಿಧಾನದವು. ಗಂಡುಗಳಲ್ಲಿ ಅದು ಪೂರ್ತಿ ತಿರುವುಮುರುವು. ಈ ಏರುಪೇರು ಆಯಾ ವರ್ಷದ ಮೇವಿನ ಸ್ಥಿತಿಯೊಂದಿಗೆ ಹೊಂದುತ್ತಿತ್ತು. ಈ ಹಕ್ಕಿಗಳಿಗೆ ಮೇವಾಗುವ ಬೀಜ ಕೊಡುವ, ಬೀಚ್ ಎಂಬ ಅಲ್ಲಿನ ಮರಗಳು ಎಲ್ಲ ವರ್ಷವೂ ಸಮನಾಗಿ ಬೀಜ ಬಿಡುವುದಿಲ್ಲ. ಗೆಲ್ಲುವ ಗುಣ ವರ್ಷಕ್ಕೊಂದಾದರೆ ಜರಡಿಯಿಂದ ಯಾವುದೂ ಪೂರ್ತಿ ಉದುರುವುದಿಲ್ಲ.

ಹಕ್ಕಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯಲು ನನಗೆ ಧೈರ್ಯವಿಲ್ಲ. ನಮ್ಮ ಕ್ಷೇತ್ರದಲ್ಲಿ ಆ ಚಾಳಿ ವಿಪರೀತ: ಯಾವ ಗುಣ ಹೇಳಿದರೂ ಆದಿಮಾನವನ ಗುಹೆಯಿಂದ ಒಂದು ಕತೆ ಹೆಕ್ಕಿ ತರುತ್ತಾರೆ, ಪರೀಕ್ಷಿಸುವ ಗೋಜಿಗೇ ಹೋಗುವುದಿಲ್ಲ. ನಮ್ಮಲ್ಲೂ ಹೀಗೆಯೇ ಆಗಿರಬಹುದು ಎನ್ನುವಷ್ಟಕ್ಕೆ ನಾನು ನಿಲ್ಲುತ್ತೇನೆ. ಬಾಗಿಲ ಹಿಂದೆ ನಿಂತ ಹುಡುಗ ಕೆಟ್ಟುಹೋದ ಯಂತ್ರವಲ್ಲ ಎನ್ನಲು ಅಷ್ಟೇ ಸಾಕು. ಹೊಸಬರ ಜೊತೆ ಬೆರೆಯುವುದನ್ನು ಅವನು ಮೆಲ್ಲಗೆ ಕಲಿಯಬಲ್ಲ. ನೆಂಟರ ಮುಂದೆ ಎಳೆದು ತಂದು "ಪದ್ಯ ಹೇಳು" ಎಂದರೆ ಮಾತ್ರ ಇನ್ನಷ್ಟು ಒಳಗೆ ಸರಿಯುತ್ತಾನೆ.

ಇದನ್ನೆಲ್ಲ ನೆರೆಮನೆಯಾಕೆಗೂ ಹೇಳಿದೆ. ಹಕ್ಕಿಯ ಕತೆ ಮುಗಿಯುವ ಹೊತ್ತಿಗೆ ಅವರಿಗೆ ನಗು ಬಂದಿತ್ತು. "ಇವರಪ್ಪನೂ ಅಷ್ಟೇ ಮೇಷ್ಟ್ರೇ. ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾತೆಲ್ಲ ಅವರ ತಂಗಿಯದೇ."